ಡಬ್ಬಿ ನೋಡಿ ಅಲ್ಲ, ಕಡ್ಡಿ ನೋಡಿ: ಕಾರಿಗೆ ಇಂಜಿನ್ ಆಯಿಲ್ ಎಷ್ಟು ಹಾಕಿಸಬೇಕು?

ಚಿಟಗುಪ್ಪ: ಆಯಿಲ್ ಚೇಂಜ್ ಅಂದ್ರೆ ನಮ್ಮ ಕಡೆ ಅರ್ಧ ಗಂಟೆ ಕೆಲಸ. ಅಂಗಡಿಯಿಂದ ಮೂರೂವರೆ ಲೀಟರಿನ ಡಬ್ಬಿ, ಒಂದು ಫಿಲ್ಟರ್ ತಂದು ಗ್ಯಾರೇಜಿನಲ್ಲಿ ಕೊಡೋದು, ಚಹಾ ಕುಡಿದು ಬರೋದ್ರೊಳಗೆ ಕಾರು ರೆಡಿ. ಹಳೇ ಆಯಿಲ್ ಇಳಿಸಿದ್ರು, ಹೊಸ ಡಬ್ಬಿ ಪೂರಾ ಸುರಿದ್ರು, ಮುಗೀತು. ಖಾಲಿ ಡಬ್ಬಿ ಕೈಗೆ ಕೊಟ್ರೆ ಮಾಲೀಕರಿಗೂ ಸಮಾಧಾನ, ಕೊಟ್ಟ ದುಡ್ಡಿಗೆ ಆಯಿಲ್ ಒಳಗೆ ಹೋಗಿದೆ ಅಂತ.

ತಪ್ಪಾಗೋದು ಇಲ್ಲೇ. ಡಬ್ಬಿಯ ಅಳತೆ ಕಂಪನಿ ಮಾರಾಟಕ್ಕೆ ಮಾಡ್ಕೊಂಡಿದ್ದು. ಇಂಜಿನ್ನಿನ ಅಳತೆ ಬೇರೆ. ಎರಡೂ ಒಂದೇ ಇರಬೇಕು ಅಂತ ಎಲ್ಲೂ ಇಲ್ಲ. ಕಡಿಮೆಯಾದ್ರೆ ಇಂಜಿನ್ ಸೀಜ್ ಆಗುವ ಭಯ, ಜಾಸ್ತಿಯಾದ್ರೆ ಸೀಲ್ ಹೋಗುವ ಭಯ. ಸಾಲ ಮಾಡಿ ಕಾರು ತಂದು ಬಾಡಿಗೆಗೆ ಓಡಿಸೋರಿಗೆ ಇಂಜಿನ್ ಬಿಚ್ಚಿಸೋದು ಅಂದ್ರೆ ತಿಂಗಳುಗಟ್ಟಲೆ ದುಡಿಮೆ ಹೋದಂಗೆ. ಅದನ್ನ ತಪ್ಪಿಸೋಕೆ ಬೇಕಾಗಿರೋದು ಒಂದು ಹಳೇ ಬಟ್ಟೆ, ಐದು ನಿಮಿಷ ಟೈಮು ಅಷ್ಟೇ.

ಯಾವ ಕಾರಿಗೆ ಎಷ್ಟು?

ಸಣ್ಣ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ ಮೂರು ಲೀಟರ್ ಆಸುಪಾಸು ಬೇಕಾಗುತ್ತೆ. ಉದಾಹರಣೆಗೆ ಮಾರುತಿ ಸ್ವಿಫ್ಟಿನ ಹಳೇ 1.2 ಲೀಟರ್ ಕೆ-ಸೀರೀಸ್ ಪೆಟ್ರೋಲ್ ಇಂಜಿನ್‌ಗೆ ಫಿಲ್ಟರ್ ಸಮೇತ ಸುಮಾರು 3.1 ಲೀಟರ್. ಬಾಡಿಗೆಗೆ ಓಡೋ ಹಳೇ 2.5 ಲೀಟರ್ ಡೀಸೆಲ್ ಇನೋವಾಗೆ ಸುಮಾರು 7 ಲೀಟರ್ ಹತ್ತಿರ ಹೋಗುತ್ತೆ.

ಈಗ ಲೆಕ್ಕ ಹಾಕ್ರಿ. 3.1 ಲೀಟರ್ ಬೇಕಾದ ಇಂಜಿನ್‌ಗೆ 3.5 ಲೀಟರ್ ಡಬ್ಬಿ ಪೂರಾ ಹಾಕಿದ್ರೆ 400 ಮಿಲಿ ಜಾಸ್ತಿ. ಅದರ ಮೇಲೆ, ಎಷ್ಟೇ ಇಳಿಸಿದ್ರೂ ಹಳೇ ಆಯಿಲ್ ಸ್ವಲ್ಪ ಇಂಜಿನ್ ಒಳಗೇ ಉಳಿದಿರುತ್ತೆ. ಫಿಲ್ಟರ್ ಬದಲಿಸದೇ ಬರೀ ಆಯಿಲ್ ಹಾಕಿದ್ರೆ ಇನ್ನೂ ಕಡಿಮೆ ಸಾಕು. ಯಾಕಂದ್ರೆ ಹಳೇ ಫಿಲ್ಟರ್‌ನಲ್ಲಿ ಆಯಿಲ್ ತುಂಬಿಕೊಂಡೇ ಇರುತ್ತೆ.

ನಿಮ್ಮ ಕಾರಿನ ಸರಿಯಾದ ಅಳತೆ ಮತ್ತು ಗ್ರೇಡ್ ಎರಡೂ ಕಾರಿನ ಜೊತೆ ಬಂದ ಮಾಲೀಕರ ಪುಸ್ತಕದಲ್ಲಿ ಇರುತ್ತೆ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡೋರ ಹತ್ತಿರ ಪುಸ್ತಕ ಇರಲಿಕ್ಕಿಲ್ಲ. ಮಾರುತಿ, ಹ್ಯುಂಡೈ, ಟಾಟಾ, ಮಹೀಂದ್ರಾದಂಥ ಕಂಪನಿಗಳ ವೆಬ್‌ಸೈಟಿನಲ್ಲಿ ಬಹಳಷ್ಟು ಮಾಡೆಲ್‌ಗಳ ಪುಸ್ತಕ ಪುಕ್ಕಟೆ ಸಿಗುತ್ತೆ. ಮಾಡೆಲ್ ಜೊತೆ ಇಂಜಿನ್ ಮತ್ತು ವರ್ಷ ಕೂಡ ನೋಡಿ. ಒಂದೇ ಹೆಸರಿನ ಕಾರಿಗೆ ಪೆಟ್ರೋಲಿಗೆ ಒಂದು ಅಳತೆ, ಡೀಸೆಲ್‌ಗೆ ಇನ್ನೊಂದು.

ಕಡ್ಡಿ ಓದೋದು ಹೇಗೆ?

ಬಾನೆಟ್ ಎತ್ತಿದ್ರೆ ಇಂಜಿನ್ ಪಕ್ಕ ಹಳದಿ ಅಥವಾ ಕೇಸರಿ ಬಣ್ಣದ ಬಳೆಯಂಥ ಹಿಡಿ ಕಾಣುತ್ತೆ. ಅದೇ ಡಿಪ್‌ಸ್ಟಿಕ್. ಗ್ಯಾರೇಜಿನವರು ಗೇಜ್ ಅಂತಾರೆ, ಕೆಲವರು ಆಯಿಲ್ ಕಡ್ಡಿ ಅಂತಾರೆ. ಅದರ ತುದಿಯಲ್ಲಿ ಎರಡು ಗುರುತು ಇರ್ತವೆ. ಕೆಳಗಿನದು ಕನಿಷ್ಠ, ಮೇಲಿನದು ಗರಿಷ್ಠ. ಕೆಲವು ಕಾರಿನಲ್ಲಿ ಎರಡು ತೂತು, ಕೆಲವದರಲ್ಲಿ ಎರಡು ಗೆರೆ, ಕೆಲವದರಲ್ಲಿ ಇಂಗ್ಲಿಷಿನ 'ಎಲ್' ಮತ್ತು 'ಎಫ್' ಅಕ್ಷರ.

1. ಕಾರು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ರಸ್ತೆ ಬದಿ ಇಳಿಜಾರಿನಲ್ಲಿ ಒಂದು ಗಾಲಿ ಮೇಲೆ, ಒಂದು ಗಾಲಿ ಕೆಳಗೆ ಇದ್ರೆ ಲೆವೆಲ್ ಸುಳ್ಳು ತೋರಿಸುತ್ತೆ. ಮುಂದಿನ ಭಾಗ ಜಾಕ್ ಮೇಲೆ ಇದ್ದಾಗಲೂ ನೋಡಬಾರದು. ಪೆಟ್ರೋಲ್ ಬಂಕಿನ ಕಾಂಕ್ರೀಟ್ ಅಂಗಳ ಇದಕ್ಕೆ ಒಳ್ಳೇ ಜಾಗ.

2. ಇಂಜಿನ್ ಬಂದ್ ಮಾಡಿ ಕನಿಷ್ಠ ಐದು ನಿಮಿಷ ಬಿಡಿ. ಓಡುವಾಗ ಆಯಿಲ್ ಮೇಲೆಲ್ಲಾ ಹರಡಿರುತ್ತೆ. ಅದು ಕೆಳಗಿನ ಚೇಂಬರ್‌ಗೆ ಇಳಿದ ಮೇಲೇ ಲೆಕ್ಕ ಸರಿ ಬರೋದು.

3. ಕಡ್ಡಿ ಹೊರಗೆ ತೆಗೆದು ಬಟ್ಟೆಯಿಂದ ಪೂರಾ ಒರೆಸಿ. ಮೊದಲ ಸಲ ತೆಗೆದಾಗ ಕಾಣೋದನ್ನ ನಂಬಬೇಡಿ.

4. ಮತ್ತೆ ಕೊನೆವರೆಗೂ ಒತ್ತಿ ಕೂರಿಸಿ, ನಿಧಾನಕ್ಕೆ ಹೊರಗೆ ತೆಗೆಯಿರಿ. ಈಗ ಆಯಿಲ್ ಎಲ್ಲಿವರೆಗೆ ಹತ್ತಿದೆಯೋ ಅದೇ ನಿಜವಾದ ಲೆವೆಲ್. ಎರಡು ಬದಿಯಲ್ಲಿ ಬೇರೆ ಬೇರೆ ಕಂಡ್ರೆ ಕಡಿಮೆ ಇರೋದನ್ನೇ ಹಿಡೀರಿ.

5. ಹೊಸ ಆಯಿಲ್ ತಿಳಿಯಾಗಿರುತ್ತೆ, ಬೇಗ ಕಾಣಲ್ಲ. ಕಡ್ಡಿಯನ್ನ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಇಲ್ಲಾಂದ್ರೆ ಬಿಳಿ ಕಾಗದಕ್ಕೆ ಒತ್ತಿ ನೋಡಿ.

ಕೆಲವು ಕಂಪನಿಗಳು ಇಂಜಿನ್ ಬಿಸಿ ಇದ್ದಾಗ ನೋಡಿ ಅಂತಾವೆ, ಕೆಲವು ಬೆಳಿಗ್ಗೆ ತಣ್ಣಗಿದ್ದಾಗ ಅಂತಾವೆ. ಪುಸ್ತಕದಲ್ಲಿ ಹೇಗಿದೆಯೋ ಹಾಗೆ ನೋಡಿ, ಪ್ರತಿ ಸಲವೂ ಒಂದೇ ರೀತಿ ನೋಡಿ. ಇಲ್ಲಾಂದ್ರೆ ಹೋದ ತಿಂಗಳಿಗೂ ಈ ತಿಂಗಳಿಗೂ ಹೋಲಿಸೋಕೆ ಆಗಲ್ಲ.

ಆಯಿಲ್ ಚೇಂಜ್ ದಿನ ಪಕ್ಕದಲ್ಲಿ ನಿಂತು ನೋಡಬೇಕಾದ್ದು

ಆಯಿಲ್ ಇಳಿಸುವಾಗ ಇಂಜಿನ್ ಸ್ವಲ್ಪ ಬಿಸಿ ಇರಬೇಕು, ಆಗ ಆಯಿಲ್ ತೆಳ್ಳಗಾಗಿ ಬೇಗ ಇಳಿಯುತ್ತೆ. ಕೈ ಸುಡುವಷ್ಟು ಬಿಸಿ ಬೇಡ. ಚೇಂಬರ್ ನಟ್ ಬಿಚ್ಚಿದ ಮೇಲೆ ಹತ್ತು-ಹದಿನೈದು ನಿಮಿಷ ಬಿಡಬೇಕು. ಧಾರೆ ನಿಂತು ಹನಿ ಬೀಳೋಕೆ ಶುರುವಾದ ತಕ್ಷಣ ನಟ್ ಹಾಕೋದು ಅವಸರದ ಕೆಲಸ.

ಫಿಲ್ಟರ್ ಬಿಚ್ಚಿದಾಗ ಹಳೇ ರಬ್ಬರ್ ರಿಂಗ್ ಇಂಜಿನ್‌ಗೇ ಅಂಟಿಕೊಂಡು ಉಳಿದಿದೆಯಾ ನೋಡಬೇಕು. ಅದರ ಮೇಲೇ ಹೊಸ ಫಿಲ್ಟರ್ ಕೂರಿಸಿದ್ರೆ ದಾರಿಯಲ್ಲಿ ಆಯಿಲ್ ಪೂರಾ ಸೋರಿ ಹೋಗಬಹುದು. ನಟ್ಟಿನ ವಾಷರ್ ಕೂಡ ಹೊಸದು ಹಾಕಿಸೋದು ಒಳ್ಳೇದು.

ಆಯಿಲ್ ಹಾಕುವಾಗ ಒಂದೇ ಸಲಕ್ಕೆ ಡಬ್ಬಿ ಬೋರಲು ಹಾಕಬಾರದು. ಪುಸ್ತಕದ ಅಳತೆಯ ಮುಕ್ಕಾಲು ಭಾಗ ಮೊದಲು ಹಾಕಿ, ಎರಡು ಮೂರು ನಿಮಿಷ ಬಿಟ್ಟು ಕಡ್ಡಿ ನೋಡಬೇಕು. ಆಮೇಲೆ ಸ್ವಲ್ಪ ಸ್ವಲ್ಪ ಹಾಕುತ್ತಾ ಮೇಲಿನ ಗುರುತಿನ ಹತ್ತಿರ ತರಬೇಕು. ಡಬ್ಬಿಯ ಬದಿಯಲ್ಲಿ ಅಳತೆಯ ಗೆರೆ ಇದ್ರೆ ಲೆಕ್ಕ ಸಲೀಸು.

ಇಲ್ಲಿಗೇ ಮುಗಿಯಲ್ಲ. ಇಂಜಿನ್ ಸ್ಟಾರ್ಟ್ ಮಾಡಿ ಒಂದು ನಿಮಿಷ ಬಿಡಿ, ರೇಸ್ ಕೊಡಬೇಡಿ. ಕೆಲವೇ ಸೆಕೆಂಡಿನಲ್ಲಿ ಆಯಿಲ್ ಡಬ್ಬಿಯ ಚಿತ್ರದ ಕೆಂಪು ಲೈಟ್ ಆರಬೇಕು. ಆಮೇಲೆ ಬಂದ್ ಮಾಡಿ ಐದು ನಿಮಿಷ ಬಿಟ್ಟು ಕಡ್ಡಿ ಮತ್ತೆ ನೋಡಿ. ಹೊಸ ಫಿಲ್ಟರ್ ತನ್ನೊಳಗೆ ಆಯಿಲ್ ತುಂಬಿಕೊಂಡಿರೋದ್ರಿಂದ ಲೆವೆಲ್ ಸ್ವಲ್ಪ ಇಳಿದಿರುತ್ತೆ. ಎಷ್ಟು ಇಳಿದಿದೆಯೋ ಅಷ್ಟು ಹಾಕಿದ್ರೆ ಸರಿ. ಈ ಎರಡನೇ ಸಲದ ನೋಟವನ್ನೇ ಬಹಳ ಕಡೆ ಬಿಟ್ಟುಬಿಡ್ತಾರೆ. ಕಾರಿನ ಕೆಳಗೆ ಬಗ್ಗಿ ನಟ್, ಫಿಲ್ಟರ್ ಹತ್ತಿರ ಹನಿ ಇದೆಯಾ ಅಂತ ಕೂಡ ನೋಡಿ.

ಉಳಿದ ಆಯಿಲ್ ಡಬ್ಬಿ ಸಮೇತ ನಿಮ್ಮದೇ. ಮುಚ್ಚಳ ಬಿಗಿ ಮಾಡಿ ಡಿಕ್ಕಿಯಲ್ಲಿ ಇಟ್ಕೊಳ್ಳಿ. ಮುಂದೆ ಲೆವೆಲ್ ಇಳಿದಾಗ ಅದೇ ಗ್ರೇಡಿನ ಆಯಿಲ್ ಕೈಯಲ್ಲಿರುತ್ತೆ.

ಕಡಿಮೆ ಆದ್ರೆ ಏನು, ಜಾಸ್ತಿ ಆದ್ರೆ ಏನು?

ಬಹಳಷ್ಟು ಕಾರುಗಳಲ್ಲಿ ಕೆಳಗಿನ ಗುರುತಿನಿಂದ ಮೇಲಿನ ಗುರುತಿಗೆ ಸುಮಾರು ಒಂದು ಲೀಟರ್ ಅಂತರ. ಎರಡರ ನಡುವೆ ಎಲ್ಲಿದ್ರೂ ಗಾಡಿ ಓಡಿಸಬಹುದು. ಮೇಲಿನ ಅರ್ಧದಲ್ಲಿದ್ರೆ ನಿಶ್ಚಿಂತೆ.

ಕೆಳಗಿನ ಗುರುತಿಗಿಂತ ಇಳಿದ್ರೆ ತಿರುವಿನಲ್ಲಿ, ಏರಿನಲ್ಲಿ ಪಂಪಿಗೆ ಆಯಿಲ್ ಸಿಗದೇ ಗಾಳಿ ಎಳೆಯುತ್ತೆ. ಬೇರಿಂಗ್‌ಗೆ ಆಯಿಲ್ ಇಲ್ಲದೇ ಲೋಹಕ್ಕೆ ಲೋಹ ಉಜ್ಜುತ್ತೆ. ಇಲ್ಲೊಂದು ಮಾತು ನೆನಪಿಡಬೇಕು. ಡ್ಯಾಶ್‌ಬೋರ್ಡಿನ ಕೆಂಪು ಲೈಟ್ ತೋರಿಸೋದು ಲೆವೆಲ್ ಅಲ್ಲ, ಪ್ರೆಶರ್. ಲೈಟ್ ಹತ್ತಿಲ್ಲ ಅಂದ್ರೆ ಆಯಿಲ್ ಭರ್ತಿ ಇದೆ ಅಂತಲ್ಲ. ಲೈಟ್ ಹತ್ತಿತು ಅಂದ್ರೆ ಪ್ರೆಶರ್ ಆಗಲೇ ಬಿದ್ದಿದೆ ಅಂತ. ಹುಮನಾಬಾದ್ ಹತ್ತಿರ ಹತ್ತಿದ ಲೈಟನ್ನ ಊರು ಮುಟ್ಟಿ ನೋಡೋಣ ಅಂತ ಬಿಡಬಾರದು. ಅಲ್ಲೇ ಬದಿಗೆ ಹಾಕಿ ಇಂಜಿನ್ ಬಂದ್ ಮಾಡಬೇಕು.

ಜಾಸ್ತಿ ಆದ್ರೆ ತಿರುಗೋ ಕ್ರ್ಯಾಂಕ್ ಶಾಫ್ಟ್ ಆಯಿಲಿಗೆ ತಾಗಿ, ಮಜ್ಜಿಗೆ ಕಡೆದಂಗೆ ಕಡೆದು ನೊರೆ ಎಬ್ಬಿಸುತ್ತೆ. ನೊರೆಯಲ್ಲಿ ಗಾಳಿ ಇರೋದ್ರಿಂದ ಬೇರಿಂಗ್‌ಗೆ ಸರಿಯಾದ ರಕ್ಷಣೆ ಸಿಗಲ್ಲ. ಒಳಗಿನ ಒತ್ತಡ ಹೆಚ್ಚಾಗಿ ಸೀಲ್‌ಗಳಿಂದ ಆಯಿಲ್ ಸೋರಬಹುದು, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರಬಹುದು. ಆಯಿಲ್ ಸುಟ್ಟು ಹೋದ್ರೆ ಸೈಲೆನ್ಸರ್ ಸಾಲಿನ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಹಾಳಾಗುತ್ತೆ.

ಮೇಲಿನ ಗುರುತಿಗಿಂತ ಕೂದಲೆಳೆಯಷ್ಟು ಜಾಸ್ತಿ ಇದ್ರೆ ಗಾಬರಿ ಬೇಡ. ಎದ್ದು ಕಾಣುವಷ್ಟು ಮೇಲಿದ್ರೆ ತೆಗೆಸಲೇಬೇಕು. ಕಡ್ಡಿಯ ತೂತಿನಲ್ಲಿ ಸಣ್ಣ ಪೈಪ್ ಬಿಟ್ಟು ಸಿರಿಂಜಿನಿಂದ ಎಳೀಬಹುದು, ಇಲ್ಲಾಂದ್ರೆ ಗ್ಯಾರೇಜಿನಲ್ಲಿ ಚೇಂಬರ್ ನಟ್ ಸಡಿಲಿಸಿ ಸ್ವಲ್ಪ ಇಳಿಸ್ತಾರೆ. "ಜಾಸ್ತಿ ಇದ್ರೆ ಒಳ್ಳೇದೇ, ಖರ್ಚಾಗುತ್ತೆ ಬಿಡ್ರಿ" ಅನ್ನೋ ಮಾತು ಕೇಳಬೇಡಿ.

ಹಾಕದೇ ಲೆವೆಲ್ ಏರಿದ್ರೆ

ಆಯಿಲ್ ಹಾಕಿಲ್ಲ, ಆದ್ರೂ ಕಡ್ಡಿಯಲ್ಲಿ ಲೆವೆಲ್ ಏರಿದೆ ಅಂದ್ರೆ ಖುಷಿ ಪಡೋ ವಿಷಯ ಅಲ್ಲ. ಹಾಲು ಚಹಾದ ಬಣ್ಣಕ್ಕೆ ತಿರುಗಿದ್ರೆ ರೇಡಿಯೇಟರ್ ನೀರು ಸೇರಿರಬಹುದು. ಪೆಟ್ರೋಲ್ ಅಥವಾ ಡೀಸೆಲ್ ವಾಸನೆ ಬಂದ್ರೆ ಇಂಧನ ಸೇರಿದೆ.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲಿನ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ, ಡಿಪಿಎಫ್ ಅಂತಾರೆ. ಆ ಮಸಿ ಸುಡೋಕೆ ಇಂಜಿನ್ ಹೆಚ್ಚುವರಿ ಡೀಸೆಲ್ ಬಳಸುತ್ತೆ. ಊರೊಳಗೇ ಸಣ್ಣ ಸಣ್ಣ ಓಡಾಟ ಮಾಡಿದ್ರೆ ಆ ಕೆಲಸ ಅರ್ಧಕ್ಕೇ ನಿಂತು, ಡೀಸೆಲ್ ಇಳಿದು ಆಯಿಲ್ ಸೇರಿಕೊಳ್ಳಬಹುದು. ಮಾರ್ಕೆಟ್ಟಿಗೂ ಮನೆಗೂ ಅಷ್ಟೇ ಕಾರು ಓಡಿಸೋ ವ್ಯಾಪಾರಿಗಳು ಇದನ್ನ ಗಮನಿಸಬೇಕು. ಆಗಾಗ ಹೈವೇ ಮೇಲೆ ಒಂದಿಷ್ಟು ದೂರ ಓಡಿಸಿದ್ರೆ ಮಸಿ ಸುಟ್ಟು ಹೋಗುತ್ತೆ.

ಯಾವಾಗ ನೋಡಬೇಕು?

ತಿಂಗಳಿಗೆ ಒಂದು ಸಲ, ಮತ್ತು ದೂರದ ಪ್ರಯಾಣಕ್ಕೆ ಮೊದಲು. ಮನ್ನಾಎಖೇಳಿ, ಜಹೀರಾಬಾದ್ ಮೇಲೆ ಹೈದರಾಬಾದಿಗೆ ಹೋಗೋರು, ತುಳಜಾಪುರ, ಶಿರಡಿಗೆ ಹೋಗೋರು ಟೈರಿನ ಗಾಳಿ ನೋಡಿದಂಗೆ ಕಡ್ಡಿಯನ್ನೂ ನೋಡಬೇಕು. ಬೇಸಿಗೆಯಲ್ಲಿ ಎಸಿ ಹಾಕಿ, ಮಂದಿ ತುಂಬಿಕೊಂಡು ಹೈವೇಯಲ್ಲಿ ಗಂಟೆಗಟ್ಟಲೆ ಓಡಿಸುವಾಗ ಇಂಜಿನ್ ಮೇಲೆ ಭಾರ ಹೆಚ್ಚು. ಲೆವೆಲ್ ಮೊದಲೇ ಕೆಳಗಿದ್ರೆ ಆಗ ಅಪಾಯವೂ ಹೆಚ್ಚು.

ಕಿಲೋಮೀಟರ್, ತಾರೀಖು, ಲೆವೆಲ್ ಎಲ್ಲಿತ್ತು ಅನ್ನೋದನ್ನ ಒಂದು ಚೀಟಿಯಲ್ಲಿ ಬರೆದಿಡಿ. ನಾಲ್ಕು ತಿಂಗಳ ಚೀಟಿ ನೋಡಿದ್ರೆ ನಿಮ್ಮ ಇಂಜಿನ್ ಎಷ್ಟು ಆಯಿಲ್ ತಿನ್ನುತ್ತೆ ಅಂತ ತಾನೇ ಗೊತ್ತಾಗುತ್ತೆ.

ಬಿಲ್ ಯಾಕೆ ಬೇಕು?

ಆಯಿಲ್, ಫಿಲ್ಟರ್, ಕೂಲಿ ಎಲ್ಲದಕ್ಕೂ ಬಿಲ್ ಕೇಳಿ. ಆಯಿಲಿನ ಗ್ರೇಡ್, ಹಾಕಿದ ಲೀಟರ್, ಆ ದಿನದ ಕಿಲೋಮೀಟರ್ ಬರೆಸಿಕೊಳ್ಳಿ. ವಾರಂಟಿ ಇರೋ ಗಾಡಿಗೆ ಇದು ಬೇಕೇ ಬೇಕು. ಕೆಲಸದ ತಪ್ಪಿನಿಂದ ಇಂಜಿನ್ ಹಾಳಾದ್ರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಸೇವೆಯ ಕೊರತೆ ಅಂತ ಬೀದರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಎರಡು ವರ್ಷದೊಳಗೆ ದೂರು ಹಾಕಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ರೆ ಶುಲ್ಕ ಇಲ್ಲ. ಹೊಟ್ಟೆಪಾಡಿಗೆ ತಾವೇ ಕಾರು ಓಡಿಸೋರು ಕೂಡ ಗ್ರಾಹಕರೇ. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ನಂಬರ್ 1915.

ಆದ್ರೆ ಆಯೋಗದಲ್ಲೂ ಕೇಳೋದು ಸಾಕ್ಷಿ. ಗ್ಯಾರೇಜ್ ಬಿಡೋ ಮೊದಲು ಮಿಸ್ತ್ರಿಯವರ ಎದುರೇ ಕಡ್ಡಿ ತೆಗೆಸಿ, ಮೊಬೈಲಿನಲ್ಲಿ ಒಂದು ಫೋಟೋ ಹೊಡ್ಕೊಳ್ಳಿ. ಒಳ್ಳೇ ಮಿಸ್ತ್ರಿ ಇದಕ್ಕೆ ಬೇಜಾರು ಮಾಡ್ಕೊಳ್ಳಲ್ಲ. ನಾಳೆ ತಕರಾರು ಬಂದ್ರೆ ಆ ಫೋಟೋ ಅವರನ್ನೂ ಕಾಯುತ್ತೆ, ನಿಮ್ಮನ್ನೂ ಕಾಯುತ್ತೆ.