ಬೆಲೆ ಮತ್ತು ಬಿಲ್ಲೆ: ಸೋವಿಯತ್ 'ಗೌರವ ರಕ್ತದಾನಿ' ಪದವಿಯ ಚರಿತ್ರೆ

1944ರ ಜೂನ್ 24ರಂದು ಸೋವಿಯತ್ ಒಕ್ಕೂಟದ ಸುಪ್ರೀಂ ಸೋವಿಯತ್ತಿನ ಅಧ್ಯಕ್ಷ ಮಂಡಳಿ 'ಸೋವಿಯತ್ ಒಕ್ಕೂಟದ ಗೌರವ ರಕ್ತದಾನಿ' ಎಂಬ ಎದೆಬಿಲ್ಲೆಯನ್ನು ಜಾರಿಗೆ ತಂದಿತು. ಯುದ್ಧ ಇನ್ನೂ ಮುಗಿದಿರಲಿಲ್ಲ. ರಕ್ತದಾನಿಗಳ ಬಿಲ್ಲೆ, ಪದಕಗಳನ್ನು ಹಣಕ್ಕೆ ಬದಲಾಗಿ ಬಂದವು ಎಂದು ನೋಡುವುದು ರೂಢಿ. ರಕ್ತ ಮಾರುವ ಪದ್ಧತಿ ತೊಲಗಿದ ಕಡೆ ಗೌರವ ಬಂದು ಕೂತಿತು ಎಂಬುದು ಆ ವಾದದ ಸಾರ. ಸೋವಿಯತ್ ಬಿಲ್ಲೆಯ ಚರಿತ್ರೆ ಇದಕ್ಕೆ ಒಗ್ಗುವುದಿಲ್ಲ. ಅಲ್ಲಿ ಬಿಲ್ಲೆ ಹುಟ್ಟಿದ್ದೇ ಹಣದ ಮಗ್ಗುಲಲ್ಲಿ. ಅರವತ್ತು ವರ್ಷ ಕಳೆದ ಮೇಲೆ ಅದು ಮತ್ತೆ ಹಣದ ಲೆಕ್ಕಕ್ಕೇ ಬಂದು ಸೇರಿತು.

ಅಲೆಕ್ಸಾಂಡರ್ ಬೊಗ್ದಾನೊವ್ 1926ರಲ್ಲಿ ಮಾಸ್ಕೋದಲ್ಲಿ ರಕ್ತ ಪೂರಣಕ್ಕೆಂದೇ ಒಂದು ಸಂಸ್ಥೆ ಕಟ್ಟಿದ. ವೈದ್ಯ, ಕ್ರಾಂತಿಕಾರಿ, ಕಾದಂಬರಿಕಾರ ಎಲ್ಲವೂ ಆಗಿದ್ದ ಈತ 1928ರಲ್ಲಿ ಒಬ್ಬ ವಿದ್ಯಾರ್ಥಿಯೊಡನೆ ರಕ್ತ ಅದಲುಬದಲು ಮಾಡಿಕೊಳ್ಳುವ ಪ್ರಯೋಗದಲ್ಲಿ ತೀರಿಕೊಂಡ. ಸಂಸ್ಥೆ ಉಳಿಯಿತು, ಇತರ ನಗರಗಳಲ್ಲೂ ಅಂಥವು ಎದ್ದವು. ಜರ್ಮನ್ ದಾಳಿ ಬಂದಾಗ ದಾನಿಗಳನ್ನು ಸೇರಿಸುವ ವ್ಯವಸ್ಥೆ ಹೀಗೆ ಸಿದ್ಧವಾಗಿತ್ತು.

ಯುದ್ಧದ ವರ್ಷಗಳಲ್ಲಿ ಸುಮಾರು 55 ಲಕ್ಷ ಜನ ರಕ್ತ ಕೊಟ್ಟರೆಂದೂ, ರಣರಂಗದ ಆಸ್ಪತ್ರೆಗಳಿಗೆ 17 ಲಕ್ಷ ಲೀಟರ್ ರಕ್ತ ಸಂದಿತೆಂದೂ ಸೋವಿಯತ್ ಲೆಕ್ಕ ಹೇಳುತ್ತದೆ. ಅವರಲ್ಲಿ ಹೆಂಗಸರ ಪಾಲು ದೊಡ್ಡದು. ದಾನಿಗಳಿಗೆ ಹಣವೂ ಸಿಗುತ್ತಿತ್ತು, ಹೆಚ್ಚುವರಿ ಪಡಿತರವೂ ಸಿಗುತ್ತಿತ್ತು. ಮುತ್ತಿಗೆಗೆ ಸಿಕ್ಕಿದ ಲೆನಿನ್‌ಗ್ರಾಡಿನಲ್ಲಿ ಆ ಪಡಿತರಕ್ಕಿದ್ದ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಬಹಳಷ್ಟು ದಾನಿಗಳು ತಮಗೆ ಬಂದ ಹಣವನ್ನು ರಕ್ಷಣಾ ನಿಧಿಗೆ ಒಪ್ಪಿಸಿಬಿಟ್ಟರು. ಅನ್ನಕ್ಕಾಗಿ ಕೊಟ್ಟವರು ಯಾರು, ದೇಶಕ್ಕಾಗಿ ಕೊಟ್ಟವರು ಯಾರು ಎಂದು ಬೇರ್ಪಡಿಸಹೊರಟರೆ ಉತ್ತರ ಸಿಗದು. ಒಬ್ಬಳೇ ಹೆಣ್ಣುಮಗಳಲ್ಲಿ ಎರಡೂ ಇದ್ದಿರಬಹುದು. 1944ರ ಬಿಲ್ಲೆ ಆ ಗೋಜಿಗೆ ಹೋಗಲಿಲ್ಲ. ಸಂಭಾವನೆ ಪಡೆದವರೂ ಗೌರವಕ್ಕೆ ಅರ್ಹರೆಂದೇ ಅದು ಭಾವಿಸಿತು.

ಯುದ್ಧದ ನಂತರದ ದಶಕಗಳಲ್ಲಿ ಉಚಿತ ದಾನ ಬಲಗೊಂಡಿತು. ಕಾರ್ಖಾನೆ, ಕಾಲೇಜುಗಳಲ್ಲಿ 'ದಾನಿಗಳ ದಿನ' ನಡೆಯತೊಡಗಿತು. ರಕ್ತ ಕೊಟ್ಟವರಿಗೆ ಸಂಬಳಸಹಿತ ರಜೆ. ರೆಡ್‌ಕ್ರಾಸ್, ರೆಡ್ ಕ್ರೆಸೆಂಟ್ ಸಂಘಗಳ ಕೂಟ ಹನಿಯಾಕಾರದ ಕೆಂಪು ಬಿಲ್ಲೆಗಳನ್ನು ಮೂರು ದರ್ಜೆಗಳಲ್ಲಿ ಹಂಚಿತು. ಹಳೆಯ ವಸ್ತುಗಳ ಸಂಗ್ರಾಹಕರ ಕೈಯಲ್ಲಿ ಇಂದು ಹೆಚ್ಚಾಗಿ ಕಾಣುವುದು ಇವೇ.

ಒಕ್ಕೂಟ ಒಡೆದ ಬಳಿಕ ರಷ್ಯಾದ 1993ರ ರಕ್ತದಾನ ಕಾಯ್ದೆ ಈ ಪದವಿಯನ್ನು ಮುಂದುವರಿಸಿತು: 40 ಬಾರಿ ರಕ್ತ, ಇಲ್ಲವೆ 60 ಬಾರಿ ಪ್ಲಾಸ್ಮಾ ಕೊಟ್ಟವರು 'ರಷ್ಯಾದ ಗೌರವ ರಕ್ತದಾನಿ'. ಜೊತೆಗೆ ನಗರ ಸಾರಿಗೆಯಲ್ಲಿ ಉಚಿತ ಪ್ರಯಾಣದಂಥ ಸವಲತ್ತುಗಳು. ಹಲವು ವರ್ಗಗಳ ಸವಲತ್ತುಗಳನ್ನು ಸರ್ಕಾರ ನಗದಾಗಿ ಪರಿವರ್ತಿಸಿದಾಗ, 2005ರಿಂದ, ಗೌರವ ದಾನಿಗಳ ಪಾಲಿಗೆ ಬಂದದ್ದು ವರ್ಷಕ್ಕೆ 6,000 ರೂಬಲ್. ಉಚಿತವಾಗಿ ಕೊಟ್ಟದ್ದಕ್ಕೆ ಸಂದ ಮಾನ ಹೀಗೆ ಪಿಂಚಣಿಯ ರೂಪ ತಾಳಿತು. 2012ರ ಹೊಸ ಕಾಯ್ದೆಯೂ ವಾರ್ಷಿಕ ಹಣವನ್ನು ಉಳಿಸಿಕೊಂಡಿತು. ಇದನ್ನು ಗೌರವದ ಅವನತಿ ಎನ್ನಲು ನನಗೆ ಮನಸ್ಸಿಲ್ಲ; 1944ರಲ್ಲೂ ಎರಡೂ ಜೊತೆಗೇ ಇದ್ದವು.

ಹಾಗಾದರೆ ಬರಿಯ ಲೋಹಕ್ಕೆ ಶಕ್ತಿಯಿಲ್ಲವೆ? ಇಟಲಿಯ ಒಂದು ಪಟ್ಟಣದ ದಾನಿಗಳ ದಾಖಲೆಗಳನ್ನು ನಿಕೋಲಾ ಲಾಚೆತೆರಾ, ಮಾರಿಯೊ ಮಾಚಿಸ್ ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದರು. ಪದಕದ ಹೊಸ್ತಿಲು ಹತ್ತಿರವಾದಂತೆ ಜನ ಹೆಚ್ಚು ಬೇಗ ಬೇಗ ರಕ್ತ ಕೊಡುತ್ತಿದ್ದರು. ಆದರೆ ಸ್ಥಳೀಯ ಪತ್ರಿಕೆಯಲ್ಲಿ ಹೆಸರು ಬಂದು, ಸಭೆಯಲ್ಲಿ ಕೊಡುವ ಪದಕಗಳ ವಿಷಯದಲ್ಲಿ ಮಾತ್ರ. ಸದ್ದಿಲ್ಲದೆ ಕೈಸೇರುವ ಪದಕಗಳಿಗೆ ಆ ಬಲವಿರಲಿಲ್ಲ.

ಹೊಸ್ತಿಲನ್ನು ಎಲ್ಲಿ ಇಡಬೇಕೆಂಬುದೂ ಸಣ್ಣ ಪ್ರಶ್ನೆಯಲ್ಲ. ರಷ್ಯಾದಲ್ಲಿ ಗಂಡಸರು ವರ್ಷಕ್ಕೆ 5 ಬಾರಿ, ಹೆಂಗಸರು 4 ಬಾರಿ ಮಾತ್ರ ರಕ್ತ ಕೊಡಬಹುದು. 40ರ ಗುರಿ ಮುಟ್ಟಲು ಗಂಡಸಿಗೆ ಕನಿಷ್ಠ 8 ವರ್ಷ ಬೇಕಾದರೆ ಹೆಂಗಸಿಗೆ 10. ಯುದ್ಧಕಾಲದಲ್ಲಿ ಮಹಿಳೆಯರೇ ಮುಂದೆ ನಿಂತು ಸಂಪಾದಿಸಿದ ಪದವಿಗೆ ಇದು ವಿಚಿತ್ರ ಅಳತೆ. ಪೋಲೆಂಡಿನ ನಿಯಮ ಈ ವ್ಯತ್ಯಾಸವನ್ನು ಒಂದಿಷ್ಟು ಲೆಕ್ಕಕ್ಕೆ ತೆಗೆದುಕೊಂಡಿದೆ: ಅಲ್ಲಿ ಮೂರನೆಯ ದರ್ಜೆಯ ಬಿಲ್ಲೆಗೆ ಗಂಡಸರು 6 ಲೀಟರ್ ಕೊಟ್ಟಿರಬೇಕು, ಹೆಂಗಸರು 5.