ಸಬ್ ಮತ್ತು ಉಪ: ಒಂದೇ ಬೇರಿನ ಎರಡು ಚಿಗುರು

ಮಳೆಗಾಲದಲ್ಲಿ ಕೃಷ್ಣೆ ಉಕ್ಕಿದರೆ ನಮ್ಮ ಕಲ್ಲೋಳ-ಯಡೂರು ಸೇತುವೆ ನೀರಿನಡಿ ಹೋಗುತ್ತದೆ. ಇಂಗ್ಲಿಷ್ ಪೇಪರಿನಲ್ಲಿ ಅದು ‘ಸಬ್‌ಮರ್ಜ್’ ಆಯಿತು ಎಂದು ಬರುತ್ತದೆ. ‘ಸಬ್’ ಎಂದರೆ ಕೆಳಗೆ, ‘ಮರ್ಜ್’ ಎಂದರೆ ಮುಳುಗಿಸು. ಎರಡೂ ಲ್ಯಾಟಿನ್ ಭಾಷೆಯಿಂದ ಬಂದವು.

ಈ ‘ಸಬ್’ ನಮಗೆ ಹೊಸದಲ್ಲ. ಸಬ್ ಇನ್‌ಸ್ಪೆಕ್ಟರ್, ಸಬ್ ರಿಜಿಸ್ಟ್ರಾರ್ ಎಂದು ದಿನಾ ಹೇಳುತ್ತೇವೆ. ಸಬ್ ಡಿವಿಜನ್ ಎಂಬುದನ್ನೇ ಕನ್ನಡದಲ್ಲಿ ಚಿಕ್ಕೋಡಿ ಉಪವಿಭಾಗ ಎನ್ನುತ್ತೇವೆ. ಸೋಜಿಗವೆಂದರೆ, ‘ಸಬ್’ ಮತ್ತು ಸಂಸ್ಕೃತದ ‘ಉಪ’ ಒಂದೇ ಬೇರಿನವು. ‘ಇಂಟರ್‌ನ್ಯಾಷನಲ್’ನ ಇಂಟರ್ ಮತ್ತು ‘ಅಂತರರಾಷ್ಟ್ರೀಯ’ದ ಅಂತರ ಕೂಡ ಹಾಗೆಯೇ. ‘ಅನರ್ಹ’ದ ಅನ್, ಇಂಗ್ಲಿಷಿನ ‘ಅನ್’, ಲ್ಯಾಟಿನ್ನಿನ ‘ಇನ್’ ಮೂರೂ ದಾಯಾದಿಗಳು. ವ್ಯಾಕರಣದಲ್ಲಿ ಇವಕ್ಕೆ ಉಪಸರ್ಗ, ಪೂರ್ವಪ್ರತ್ಯಯ ಎಂಬ ಹೆಸರಿದೆ.

ಈ ನಂಟನ್ನು 1786ರಲ್ಲಿ ಕಲ್ಕತ್ತೆಯ ನ್ಯಾಯಾಧೀಶ ವಿಲಿಯಂ ಜೋನ್ಸ್ ಸಭೆಯೊಂದರಲ್ಲಿ ಎತ್ತಿ ಹೇಳಿದರು: ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಒಂದೇ ಮೂಲವಿರಬೇಕು. ಕನ್ನಡದ ಮನೆತನ ಬೇರೆ. 1816ರಲ್ಲಿ ಮದರಾಸಿನ ಅಧಿಕಾರಿ ಎಲ್ಲಿಸ್ ಕನ್ನಡ, ತಮಿಳು, ತೆಲುಗು ಪ್ರತ್ಯೇಕ ಕುಟುಂಬವೆಂದು ತೋರಿಸಿದರು. ನಮ್ಮ ಭಾಷೆ ಪದದ ಹಿಂದೆ ಜೋಡಿಸುತ್ತದೆ: ಊರು, ಊರಿಗೆ, ಊರಿನವರು. ಮುಂದೆ ಜೋಡಿಸುವ ತುಣುಕುಗಳು ಹೆಚ್ಚಾಗಿ ಹೊರಗಿನಿಂದ ಬಂದವು.

ಇಂಗ್ಲಿಷಿನ ಕಥೆಯೂ ಹೆಚ್ಚುಕಡಿಮೆ ಇದೇ. ‘ಅನ್’, ‘ಓವರ್’, ‘ಅಂಡರ್’ ಅದರ ಸ್ವಂತದವು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡ್ ಗೆದ್ದ ಮೇಲೆ ದೊರೆಗಳ ಫ್ರೆಂಚ್ ಭಾಷೆಯ ಜೊತೆ ಲ್ಯಾಟಿನ್ ತುಣುಕುಗಳು ಹರಿದು ಬಂದವು. ನಮ್ಮ ಕಡೆಯೂ ಕಚೇರಿಗೆ ಪಾರಸಿ ಬಂದಾಗ ‘ಗೈರುಹಾಜರಿ’, ‘ನಾಲಾಯಕ್’ ಉಳಿದುಕೊಂಡವು. ಆಳುವವರು ಹೋದರು, ಮಾತು ಉಳಿಯಿತು.

ತಿಳಿದುಕೊಂಡರೆ ಲಾಭವಿದೆ. ಅರ್ಜಿಯ ಮೇಲೆ ‘ಎಲಿಜಿಬಲ್’ ಎಂದಿದ್ದರೆ ಅರ್ಹರು, ‘ಇನೆಲಿಜಿಬಲ್’ ಎಂದಿದ್ದರೆ ಅನರ್ಹರು. ಎರಡಕ್ಷರದ ಒಂದು ತುಣುಕಿನಲ್ಲಿ ಪರಿಹಾರದ ಹಣ ಹೋಗಬಹುದು.

ಆದರೆ ಎಚ್ಚರ. ‘ಇನ್’ ಎಂದರೆ ಯಾವಾಗಲೂ ‘ಅಲ್ಲ’ ಎಂದಲ್ಲ, ‘ಒಳಗೆ’ ಎಂಬ ಅರ್ಥದ ಇನ್ನೊಂದು ‘ಇನ್’ ಇದೆ. ಡಬ್ಬಿಯ ಮೇಲೆ ‘ಇನ್‌ಫ್ಲೇಮಬಲ್’ ಎಂದಿದ್ದರೆ ಬೆಂಕಿ ಹತ್ತುವುದಿಲ್ಲ ಎಂದು ತಿಳಿಯಬೇಡಿ. ಥಟ್ಟನೆ ಹತ್ತುತ್ತದೆ ಎಂದೇ ಅದರ ಅರ್ಥ.

ಮಕ್ಕಳಿಗೆ ಇಂಗ್ಲಿಷ್ ಪದ ಬಾಯಿಪಾಠ ಮಾಡಿಸುವಾಗ ಮುಂದಿನ ತುಣುಕನ್ನು ಬಿಡಿಸಿ ತೋರಿಸೋಣ. ‘ಉಪ’ ಬಲ್ಲ ಮಗುವಿಗೆ ‘ಸಬ್’ ಪರಕೀಯವಲ್ಲ.