ಜೆಟಿಂಗ್ (ಟೂ-ಸ್ಟ್ರೋಕ್ ಡರ್ಟ್ ಬೈಕ್)

ಕಾರ್ಬುರೇಟರಿನ ಮೂಲಕ ಹರಿಯುವ ಪೆಟ್ರೋಲಿನ ಪ್ರಮಾಣವನ್ನು ಎಂಜಿನ್, ಹವೆ ಮತ್ತು ಎತ್ತರಕ್ಕೆ ತಕ್ಕಂತೆ ಹೊಂದಿಸುವ ಕೆಲಸ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಇದಕ್ಕೆ ಹೆಚ್ಚಿನ ಮಹತ್ವವಿದೆ. ಪಿಸ್ಟನ್, ಬೇರಿಂಗುಗಳಿಗೆ ಬೇಕಾದ ಆಯಿಲ್ ಪೆಟ್ರೋಲಿನಲ್ಲಿ ಬೆರೆತೇ ಬರುವುದರಿಂದ, ಗಾಳಿ-ಪೆಟ್ರೋಲ್ ಮಿಶ್ರಣ ತೆಳುವಾದರೆ, ಅಂದರೆ ಪೆಟ್ರೋಲಿನ ಪಾಲು ತಗ್ಗಿದರೆ, ಶಾಖ ಏರುವುದರ ಜೊತೆಗೆ ಆಯಿಲ್ ಕೂಡ ಕಡಿಮೆಯಾಗಿ ಪಿಸ್ಟನ್ ಸೀಜ್ ಆಗುತ್ತದೆ.

ಭಾಗಗಳು

ಥ್ರಾಟಲ್ ಎಷ್ಟು ತೆರೆದಿದೆ ಎಂಬುದರ ಮೇಲೆ ಯಾವ ಭಾಗದ ಪ್ರಭಾವ ಹೆಚ್ಚು ಎಂಬುದು ನಿಂತಿದೆ. ಮುಚ್ಚಿದ ಸ್ಥಿತಿಯಿಂದ ಕಾಲು ಭಾಗದವರೆಗೆ ಪೈಲಟ್ ಜೆಟ್ (ಜೆಟ್ ಎಂದರೆ ಪೆಟ್ರೋಲ್ ಹಾಯುವ ರಂಧ್ರವಿರುವ ಚಿಕ್ಕ ಬಿಡಿಭಾಗ) ಮತ್ತು ಏರ್ ಸ್ಕ್ರೂ, ಅರ್ಧದವರೆಗೆ ಥ್ರಾಟಲ್ ಸ್ಲೈಡಿನ ಕತ್ತರಿಸಿದ ಅಂಚು, ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್, ಅಲ್ಲಿಂದ ಮುಂದೆ ಮೇನ್ ಜೆಟ್. ಇವುಗಳ ಗಡಿಗಳು ಒಂದರೊಳಗೊಂದು ಸೇರಿಕೊಂಡಿರುತ್ತವೆ.

ನೀಡಲ್

ಮಣ್ಣಿನ ಹಾದಿಯಲ್ಲಿ ಥ್ರಾಟಲ್ ಪೂರ್ತಿ ತೆರೆಯುವ ಅವಕಾಶ ಕಡಿಮೆ. ತಿರುವು, ಏರು, ಕಲ್ಲುಗಳ ನಡುವೆ ಸವಾರನ ಕೈ ಬಹುಪಾಲು ನೀಡಲಿನ ವ್ಯಾಪ್ತಿಯಲ್ಲೇ ಆಡುತ್ತಿರುತ್ತದೆ. ಆದ್ದರಿಂದ ಡರ್ಟ್ ಬೈಕಿನ ಗುಣವನ್ನು ನಿರ್ಧರಿಸುವುದು ಮುಖ್ಯವಾಗಿ ನೀಡಲ್. ಮೇನ್ ಜೆಟ್ ಒಂದನ್ನೇ ಬದಲಿಸಿ ಸುಮ್ಮನಾಗುವುದು ಅರೆಬರೆ ಕೆಲಸ.

ನೀಡಲಿನ ಮೇಲ್ಭಾಗ ನೇರ, ಕೆಳಭಾಗ ಮೊನಚು. ನೇರ ಭಾಗದ ವ್ಯಾಸ ಥ್ರಾಟಲ್ ಆಗಷ್ಟೇ ತೆರೆದಾಗಿನ ಸ್ಪಂದನೆಯನ್ನು ನಿಯಂತ್ರಿಸಿದರೆ, ಮೊನಚು ಮತ್ತು ನೀಡಲನ್ನು ಹಿಡಿದಿಡುವ ಕ್ಲಿಪ್ಪಿನ ಸ್ಥಾನ ನಡುವಿನ ಹಂತವನ್ನು ನಿಯಂತ್ರಿಸುತ್ತವೆ. ಕ್ಲಿಪ್ಪನ್ನು ಒಂದು ಕಚ್ಚು ಮೇಲಕ್ಕೆ ಹಾಕಿದರೆ ನೀಡಲ್ ಕೆಳಗಿಳಿದು ಮಿಶ್ರಣ ತೆಳುವಾಗುತ್ತದೆ. ಕೆಳಕ್ಕೆ ಹಾಕಿದರೆ ದಟ್ಟವಾಗುತ್ತದೆ. ನೀಡಲಿಗೂ ಅದರ ಸುತ್ತಲಿನ ಜೆಟ್ಟಿಗೂ ನಡುವಿನ ಸಂದು ಬಹಳ ಕಿರಿದು. ಕೇಹಿನ್ ನೀಡಲುಗಳು 0.01 ಮಿ.ಮೀ. ಅಂತರದಲ್ಲಿ ಬೇರೆ ಬೇರೆ ವ್ಯಾಸಗಳಲ್ಲಿ ದೊರೆಯುವುದು ಇದೇ ಕಾರಣಕ್ಕೆ. ಸವೆದು ಮೊಟ್ಟೆಯಾಕಾರ ತಾಳಿದ ನೀಡಲ್ ಜೆಟ್ ಇದ್ದರೆ ಕ್ಲಿಪ್ ಎಲ್ಲಿ ಹಾಕಿದರೂ ಹೊಗೆ, ಗೊರಗೊರ ಸದ್ದು ತಪ್ಪುವುದಿಲ್ಲ.

ಸಂಖ್ಯೆಗಳು

ಕೇಹಿನ್ ಮೇನ್ ಜೆಟ್ಟಿನ ಸಂಖ್ಯೆ ರಂಧ್ರದ ವ್ಯಾಸವನ್ನು ಸೂಚಿಸುತ್ತದೆ: 170 ಎಂದರೆ 1.70 ಮಿ.ಮೀ. ಮಿಕುನಿಯ ಆರುಮೂಲೆ ತಲೆಯ ಜೆಟ್ಟಿನ ಸಂಖ್ಯೆ ಹರಿವನ್ನು ಆಧರಿಸಿದ್ದು. ಆದ್ದರಿಂದ ಒಂದರ ಬದಲು ಅದೇ ಸಂಖ್ಯೆಯ ಇನ್ನೊಂದನ್ನು ಹಾಕಲಾಗದು.

ಹವೆ ಮತ್ತು ಎತ್ತರ

ಎತ್ತರ 1,000 ಮೀಟರ್ ಹೆಚ್ಚಿದಾಗ ಗಾಳಿಯ ಸಾಂದ್ರತೆ ಸುಮಾರು ಶೇ. 10ರಷ್ಟು ಇಳಿಯುತ್ತದೆ. ಜೆಟ್ ಬದಲಿಸದಿದ್ದರೆ ಮಿಶ್ರಣ ಸುಮಾರು ಶೇ. 5ರಷ್ಟು ದಟ್ಟವಾಗುತ್ತದೆ. ಮಂಗಳೂರಿನಲ್ಲಿ ಸರಿಹೊಂದಿದ 170ರ ಕೇಹಿನ್ ಜೆಟ್ಟಿಗೆ ಮಡಿಕೇರಿಯಲ್ಲಿ, ಲೆಕ್ಕದ ಪ್ರಕಾರ, ಹೆಚ್ಚುಕಡಿಮೆ 165 ಸಾಕು. ಚಳಿಯಲ್ಲಿ ಗಾಳಿ ಸಾಂದ್ರವಾಗುವುದರಿಂದ ದೊಡ್ಡ ಜೆಟ್ ಬೇಕಾಗುತ್ತದೆ. ಸೀಜ್ ಆಗುವ ಭಯಕ್ಕೆ ಪೆಟ್ರೋಲಿನಲ್ಲಿ ಆಯಿಲ್ ಹೆಚ್ಚಿಸುವವರು ನೆನಪಿಡಬೇಕಾದ ಸಂಗತಿಯೊಂದಿದೆ: ಜೆಟ್ ಅದೇ ಇದ್ದು ಆಯಿಲ್ ಹೆಚ್ಚಾದಷ್ಟೂ ಪೆಟ್ರೋಲಿನ ಪಾಲು ತಗ್ಗಿ, ಮಿಶ್ರಣ ತೆಳುವಾಗುತ್ತದೆ.

ವಿಧಾನ

ಮೊದಲು ಏರ್ ಫಿಲ್ಟರ್, ಫ್ಲೋಟಿನ ಮಟ್ಟ, ಕ್ರ್ಯಾಂಕ್ ಸೀಲುಗಳನ್ನು ಪರೀಕ್ಷಿಸಬೇಕು. ಸೀಲಿನಿಂದ ಗಾಳಿ ಎಳೆಯುತ್ತಿದ್ದರೆ ಯಾವ ಜೆಟ್ ಹಾಕಿಯೂ ಪ್ರಯೋಜನವಿಲ್ಲ. ಎಂಜಿನ್ ಬಿಸಿಯಾದ ಮೇಲೆ ಏರ್ ಸ್ಕ್ರೂ ತಿರುಗಿಸಿ, ಐಡಲ್ ಅತಿ ವೇಗವಾಗುವ ಜಾಗ ಗುರುತಿಸಬೇಕು. ಅದು ಸ್ಕ್ರೂ ಪೂರ್ತಿ ಮುಚ್ಚಿದ ಸ್ಥಾನದಿಂದ ಒಂದು ಸುತ್ತಿಗಿಂತ ಒಳಗೆ ಸಿಕ್ಕರೆ ದೊಡ್ಡ ಪೈಲಟ್ ಜೆಟ್, ಎರಡೂವರೆ ಸುತ್ತಿಗಿಂತ ಹೊರಗೆ ಸಿಕ್ಕರೆ ಚಿಕ್ಕದು ಬೇಕು. ಬಳಿಕ ನೀಡಲ್, ಕೊನೆಗೆ ಮೇನ್ ಜೆಟ್. ಮೇನ್ ಜೆಟ್ಟಿನ ಪರೀಕ್ಷೆಗೆ ಹೊಸ ಪ್ಲಗ್ ಹಾಕಿ, ಪೂರ್ತಿ ಥ್ರಾಟಲಿನಲ್ಲಿ ಓಡಿಸಿ, ಕ್ಲಚ್ ಹಿಡಿದು ಅಲ್ಲೇ ಎಂಜಿನ್ ಆಫ್ ಮಾಡಿ, ಪಿಂಗಾಣಿಯ ಬುಡದ ಬಣ್ಣ ನೋಡುವುದು ರೂಢಿ. ಎಲ್ಲೆಲ್ಲೋ ಸುತ್ತಿ ಬಂದು ಬಿಚ್ಚಿದ ಪ್ಲಗ್ಗಿನಿಂದ ಹೆಚ್ಚೇನೂ ತಿಳಿಯದು. ಉದ್ದನೆಯ ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿಯೇ ಇಳಿದರೆ ಚಕ್ರಗಳು ಎಂಜಿನ್ನನ್ನು ವೇಗವಾಗಿ ತಿರುಗಿಸುತ್ತಿದ್ದರೂ ಒಳಹೋಗುವ ಆಯಿಲ್ ಅತ್ಯಲ್ಪ; ಆಗಾಗ ಕ್ಲಚ್ ಹಿಡಿದು ಥ್ರಾಟಲ್ ತಿರುವುವುದು ಕ್ಷೇಮ.

ಇಂದು

1961ರಲ್ಲಿ ಮೈಸೂರಿನಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳೂ 98 ಸಿ.ಸಿ.ಯ ಯಮಹಾ ಆರ್‌ಎಕ್ಸ್ 100 ಕೂಡ ಕಾರ್ಬುರೇಟರಿನ ಟೂ-ಸ್ಟ್ರೋಕ್‌ಗಳೇ. ಮೇಲಿನ ತತ್ವಗಳು ಅವಕ್ಕೂ ಅನ್ವಯಿಸುತ್ತವೆ. ಕೆಟಿಎಂ 2018ರ ಮಾದರಿಗಳಿಂದ ತನ್ನ ಟೂ-ಸ್ಟ್ರೋಕ್ ಎಂಡ್ಯೂರೋ ಬೈಕುಗಳಿಗೆ ಇಂಧನ ಇಂಜೆಕ್ಷನ್ ತಂದಿತು. ಯಮಹಾ ವೈಝಡ್ 250 ಮಾತ್ರ 2020ರ ದಶಕದಲ್ಲೂ 38 ಮಿ.ಮೀ. ಕೇಹಿನ್ ಕಾರ್ಬುರೇಟರಿನಲ್ಲೇ ಮುಂದುವರಿಯಿತು.